ಬ್ಲೇಡ್‌ಸ್ಟಾರ್ಮ್‌ನಲ್ಲಿ ಬರೀ ನುಗ್ಗೋದು ಬಿಟ್ಟ ಮೇಲೆ ಗೆಲ್ಲೋಕೆ ಶುರು ಮಾಡಿದ್ದು

ಡೈನಾಸ್ಟಿ ವಾರಿಯರ್ಸ್ ಅನ್ನೋ ವಿಡಿಯೋ ಗೇಮ್ ಆಡಿ ಆಡಿ ನನ್ನ ಬೆರಳಿಗೆ ಒಂದು ಅಭ್ಯಾಸ ಕೂತ್ಬಿಟ್ಟಿತ್ತು, ಗುಂಪು ಕಂಡ ಕೂಡ್ಲೇ ನುಗ್ಗೋದು, ಬಟನ್ ಒತ್ತೋದು, ಒಬ್ಬನೇ ನೂರಾರು ಜನರನ್ನ ಕೆಡವೋದು. ಅದನ್ನ ಮಾಡಿದ ಒಮೆಗಾ ಫೋರ್ಸ್‌ನವರೇ 2007ರಲ್ಲಿ ಪಿಎಸ್3, ಎಕ್ಸ್‌ಬಾಕ್ಸ್ 360 ಗೇಮಿಂಗ್ ಕನ್ಸೋಲ್‌ಗಳಿಗೆ ಮಾಡಿದ ಬ್ಲೇಡ್‌ಸ್ಟಾರ್ಮ್ ಅನ್ನೋ ಆಟದ ಸೆಕೆಂಡ್ ಹ್ಯಾಂಡ್ ಡಿಸ್ಕ್ ಸಿಕ್ಕಾಗ್ಲೂ ಹಂಗೇ ನುಗ್ಗಿದೆ. ಸ್ವಲ್ಪ ಹೊತ್ತಿಗೇ ನನ್ನ ಹಿಂದೆ ಇದ್ದ ಪಡೆ ಪೂರ್ತಿ ಖಾಲಿ.

ಕಥೆ 1337ರಿಂದ 1453ರ ತನಕ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡೆದ ನೂರು ವರ್ಷದ ಯುದ್ಧದ್ದು. ನಾವು ಕೂಲಿ ಸೈನಿಕರು, ಹೆಂಡದಂಗಡೀಲಿ ಕೂತು ಇವತ್ತು ಇವರ ಕಾಂಟ್ರಾಕ್ಟ್, ನಾಳೆ ಅವರದ್ದು. ಮೈದಾನದಲ್ಲಿ ನಾಯಕ ಇಲ್ಲದ ಪಡೆ ಹತ್ರ ಹೋಗಿ ಬಟನ್ ಒತ್ತಿದ್ರೆ ಅವರು ನಮ್ಮ ಹಿಂದೆ ಬರ್ತಾರೆ, ಆರ್1 ಬಟನ್ ಒತ್ತಿ ಹಿಡ್ಕೊಂಡ್ರೆ ಇಡೀ ಪಡೆ ಹೊಡೆಯುತ್ತೆ, ಮೂರು ಬಟನ್‌ಗೆ ಮೂರು ವಿಶೇಷ ದಾಳಿ, ಒಂದ್ಸಲ ಬಳಸಿದ್ರೆ ಮತ್ತೆ ತುಂಬೋ ತನಕ ಕಾಯ್ಬೇಕು. ಅಂದ್ರೆ ಕೈಗೆ ಕೆಲಸ ಕಮ್ಮಿ. ಯಾರನ್ನ ಕರ್ಕೊಂಡು ಎಲ್ಲಿಗೆ, ಯಾವಾಗ ಹೋಗ್ತೀವಿ ಅನ್ನೋದೇ ಆಟ.

ನಾನು ಮಾಡಿದ ದೊಡ್ಡ ತಪ್ಪು ಬಿಲ್ಲಿನವರ ವಿಷಯದಲ್ಲಿ. ಆ ಯುದ್ಧದ ಕ್ರೆಸಿ ಕದನದಲ್ಲಿ ಇಂಗ್ಲಿಷ್ ಬಿಲ್ಲುಗಾರರು ಫ್ರೆಂಚ್ ಕುದುರೆಗಳನ್ನ ಕೆಡವಿದ್ರು ಅಂತ ಓದಿದ್ದೆ ಅಲ್ವಾ, ಅದೇ ಧೈರ್ಯದಲ್ಲಿ ಬಯಲಲ್ಲಿ ಬಿಲ್ಲಿನ ಪಡೆ ನಿಲ್ಲಿಸ್ಕೊಂಡೆ, ಪಕ್ಕದಿಂದ ಕುದುರೆ ಪಡೆ ಬಂತು, ಮುಗೀತು. ಆಮೇಲೆ ಕ್ರೆಸಿ ಬಗ್ಗೆ ಸರಿಯಾಗಿ ಓದಿದೆ. 1346ರ ಆಗಸ್ಟ್ 26ರಂದು ಆ ಬಿಲ್ಲುಗಾರರು ಇಳಿಜಾರಿನ ಮೇಲೆ ನಿಂತಿದ್ರು, ಜೊತೆಗೆ ಕುದುರೆಯಿಂದ ಇಳಿದ ನೈಟ್‌ಗಳು ನೆಲದ ಮೇಲೆ ಕಾಲೂರಿ ನಿಂತಿದ್ರು. ಕುದುರೆ ಹತ್ರ ಬಂದ್ರೆ ತಡೆಯೋಕೆ ಬೇರೆಯವರಿದ್ರು. ನನ್ನ ಬಯಲಲ್ಲಿ ಯಾರೂ ಇರ್ಲಿಲ್ಲ.

ಅಲ್ಲಿಂದ ಕ್ರಮ ಬದಲಾಯಿಸಿದೆ. ಮೊದ್ಲು ಮ್ಯಾಪ್ ತೆಗೆದು ಶತ್ರು ಕುದುರೆ ಎಲ್ಲಿ ಅಡ್ಡಾಡ್ತಿದೆ ನೋಡ್ತೀನಿ, ಈಟಿಯವರನ್ನ ಕರ್ಕೊಂಡು ಹೋಗಿ ಅದನ್ನೇ ಮೊದಲು ಮುಗಿಸ್ತೀನಿ, ಆಮೇಲೆ ಈಟಿಯವರನ್ನ ಅಲ್ಲೇ ಬಿಟ್ಟು ಬಿಲ್ಲಿನವರ ಹತ್ರ ಓಡ್ತೀನಿ, ಅವರನ್ನ ಕರ್ಕೊಂಡು ಶತ್ರು ಕೋಟೆ ಮೇಲೆ ಬೀಳ್ತೀನಿ, ಕೋಟೆ ಕಾಯೋರು ಕಮ್ಮಿ ಆಗ್ತಾ ಆಗ್ತಾ ಅದರ ಕಮಾಂಡರ್ ಹೊರಗೆ ಬರ್ತಾನೆ, ಅವನು ಬಿದ್ರೆ ಕೋಟೆ ನಮ್ದು. ಕತ್ತಲಾದ್ರೆ ಆ ದಿನದ ಯುದ್ಧ ನಿಲ್ಲುತ್ತೆ, ಅದಕ್ಕೆ ಕುದುರೆ ಪಡೆಯನ್ನ ನಾನು ಒಂದು ಕೋಟೆಯಿಂದ ಇನ್ನೊಂದಕ್ಕೆ ಬೇಗ ಹೋಗೋಕೇ ಜಾಸ್ತಿ ಬಳಸ್ತೀನಿ.

ಒಂದೇ ಒಂದ್ಸಲ ಅದೇ ಕುದುರೆಗಳಿಂದ ಬೇರೆ ಕೆಲಸ ಮಾಡಿಸ್ದೆ, ಅದು ಇವತ್ತಿಗೂ ನೆನೆಸ್ಕೊಂಡ್ರೆ ಖುಷಿ. 1356ರ ಪ್ವಾಟಿಯೆ ಯುದ್ಧದಲ್ಲಿ ಇಂಗ್ಲಿಷ್ ಕಡೆಯ ಕಪ್ತಾಲ್ ದ ಬುಶ್ ಅನ್ನೋನು ಸ್ವಲ್ಪ ಸವಾರರನ್ನ ಕರ್ಕೊಂಡು ಮರೆಯಲ್ಲಿ ಸುತ್ತಿ ಫ್ರೆಂಚರ ಮೇಲೆ ಹಿಂದಿನಿಂದ ಬಿದ್ದ, ಕೊನೆಗೆ ಫ್ರಾನ್ಸ್ ರಾಜ ಎರಡನೇ ಜಾನ್ ಸೆರೆ ಸಿಕ್ಕ. ನಾನೂ ಎದುರಿಗೆ ಹೋಗದೆ ದೊಡ್ಡ ಸುತ್ತು ಹಾಕಿ ಶತ್ರುಗಳ ಬಿಲ್ಲಿನ ಪಡೆಯ ಬೆನ್ನಿಗೆ ಬಂದೆ, ಅವರು ತಿರುಗೋಷ್ಟರಲ್ಲಿ ಚೆಲ್ಲಾಪಿಲ್ಲಿ.

ಏಜ್ ಆಫ್ ಎಂಪೈರ್ಸ್ ತರದ ಯುದ್ಧದ ಆಟದಲ್ಲಿ ಆಕಾಶದಿಂದ ನೋಡಿ ಪಡೆಗಳನ್ನ ಮೌಸ್‌ನಲ್ಲಿ ನಡೆಸ್ತೀವಿ, ನಮ್ಮ ಪಡೆಗಳ ಸುತ್ತ ಇರೋದೆಲ್ಲ ಮೇಲಿಂದ ಕಾಣುತ್ತೆ. ಇಲ್ಲಿ ಕ್ಯಾಮೆರಾ ನಮ್ಮ ಬೆನ್ನ ಹಿಂದೆ, ಧೂಳು, ಗದ್ದಲ, ಮ್ಯಾಪ್ ಬಿಟ್ರೆ ಗುಡ್ಡದ ಆಚೆ ಏನಿದೆ ಅಂತ ಅಲ್ಲಿಗೆ ಹೋದ್ರೇ ಕಣ್ಣಿಗೆ ಕಾಣೋದು. ಆ ಕಾಲದ ದಳಪತಿಗೂ ಅಷ್ಟೇ ಕಾಣ್ತಿದ್ದಿದ್ದು. ನಾನು ನಿಂತ ಜಾಗವೇ ನನ್ನ ಮೌಸ್ ಪಾಯಿಂಟರ್ ಅಂತ ಅರ್ಥ ಆದ ದಿನದಿಂದ ಈ ಆಟ ನನಗೆ ತುಂಬಾ ಇಷ್ಟ ಆಗಿದ್ದು.

2015ರಲ್ಲಿ ಬಂದ ನೈಟ್‌ಮೇರ್ ಅನ್ನೋ ಹೊಸ ಆವೃತ್ತೀಲಿ ಹಲವು ಪಡೆಗಳನ್ನ ಸೇರಿಸಿ ಒಂದೇ ಸೈನ್ಯವಾಗಿ ನಡೆಸಬಹುದು. ಅಲ್ಲೂ ನನ್ನ ಕ್ರಮ ಅದೇ, ಈಟಿ ಮೊದಲು. ಈಗ ಫ್ರಾನ್ಸ್ ಕಡೆ ಕಾಂಟ್ರಾಕ್ಟ್ ತಗೊಂಡಿದೀನಿ, ಈ ಸಲ ಆ ಇಂಗ್ಲಿಷ್ ಬಿಲ್ಲುಗಾರರು ನನ್ನ ಎದುರಿಗಿದಾರೆ.