ದೊಡ್ಡ ಗುಂಡಿನ ಸಣ್ಣ ರಿವಾಲ್ವರ್‌ಗೆ ಯಾವ ತೋಟಾ?

ಹೋದ ಚಳಿಗಾಲ ಡಲ್ಲಾಸ್ ಹತ್ತಿರದ ಒಂದು ಶೂಟಿಂಗ್ ರೇಂಜಿನಲ್ಲಿ ನನ್ನ ಪಕ್ಕದ ಲೇನಿನಲ್ಲಿದ್ದ ಸ್ನೇಹಿತ ಮೂರು ಗುಂಡು ಹಾರಿಸಿ ಹಾಗೇ ನಿಂತುಬಿಟ್ಟ. "ಅಣ್ಣಾ, ಟ್ರಿಗರ್ ಎಳೆಯೋಕೇ ಆಗ್ತಿಲ್ಲ" ಅಂದ. ಮೂತಿಯನ್ನು ಗುರಿಯ ಕಡೆಗೇ ಇಟ್ಟು, ಬೆರಳು ಹೊರಗೆ ತೆಗೆದು, ರೇಂಜ್ ಆಫೀಸರನ್ನು ಕರೆದೆವು. ಅವರು ನಿಧಾನವಾಗಿ ಸಿಲಿಂಡರ್, ಅಂದರೆ ತೋಟಾಗಳು ಕೂರುವ ತಿರುಗುವ ಉರುಳೆ, ಬಿಡಿಸಿದಾಗ ಕಾರಣ ಕಂಡಿತು. ಉಳಿದಿದ್ದ ಎರಡು ತೋಟಾಗಳಲ್ಲಿ ಒಂದರ ಸೀಸದ ಗುಂಡು ತನ್ನ ಹಿತ್ತಾಳೆ ಕೊಳವೆಯಿಂದ ಮುಂದೆ ಜರುಗಿ, ಸಿಲಿಂಡರಿನಿಂದ ಆಚೆ ಇಣುಕುತ್ತಿತ್ತು. ಚೌಕಟ್ಟಿಗೆ ಉಜ್ಜಿ ಅದರ ಒಂದು ಬದಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದು ಅಡ್ಡ ಬಂದು ಸಿಲಿಂಡರ್ ತಿರುಗದೆ ನಿಂತಿತ್ತು.

ಅವನು ಅಂಗಡಿಯಲ್ಲಿ ಇದ್ದುದರಲ್ಲೇ ಅತಿ ಜೋರಾದ ತೋಟಾ ಕೇಳಿ ತಂದಿದ್ದ. ಆತ್ಮರಕ್ಷಣೆಗೆ ಅಂದರೆ ಜೋರು ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ಅವನ ಲೆಕ್ಕ. ಅಮೆರಿಕದಲ್ಲಿ ಕಾನೂನುಬದ್ಧವಾಗಿ ರಿವಾಲ್ವರ್ ಇಟ್ಟುಕೊಂಡು ಓಡಾಡುವ ನಮ್ಮವರಲ್ಲಿ ಈ ಲೆಕ್ಕ ಹಾಕುವವರು ಬಹಳ. ಬಟ್ಟೆಯ ಒಳಗೆ ಇಟ್ಟುಕೊಳ್ಳುವಷ್ಟು ಹಗುರವಾದ ರಿವಾಲ್ವರಿಗೆ ಇದು ಅಪಾಯದ ಲೆಕ್ಕ. ದೊಡ್ಡ ಗುಂಡಿನ ಬಲ ಅದರ ಅಗಲ ಮತ್ತು ತೂಕದಲ್ಲೇ ಇದೆ. ಅದಕ್ಕೆ ಸಿಕ್ಕಾಪಟ್ಟೆ ವೇಗ ಬೇಕಿಲ್ಲ. ಹಾಗಾದರೆ ಆರಿಸುವುದು ಹೇಗೆ?

ಮೊದಲು ಮಾತು ಸ್ಪಷ್ಟವಾಗಲಿ

ಮಲೆನಾಡಿನಲ್ಲಿ ಬೆಳೆದವರಿಗೆ ಕೇಪಿನ ಕೋವಿ, ತೋಟಾ ಕೋವಿ ಗೊತ್ತಿರುತ್ತವೆ. ತೋಟಾ ಅಂದರೆ ಇಡೀ ಕಾಡತೂಸು: ಹಿತ್ತಾಳೆ ಕೊಳವೆ, ಬುಡದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹಾರಿ ಹೋಗುವುದು ಗುಂಡು ಮಾತ್ರ. ಅದರ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್. 200 ಗ್ರೇನಿನ ಗುಂಡು ಅಂದರೆ 13 ಗ್ರಾಂ.

ಕಾನೂನು ಮೊದಲು, ಅಂಗಡಿ ಆಮೇಲೆ

ಎಚ್-1ಬಿ, ಎಫ್-1ನಂಥ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಕೊಳ್ಳುವುದನ್ನು, ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ತಡೆಯುತ್ತದೆ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿಗಳಿವೆ. ಆದರೆ ಅದನ್ನು ವಕೀಲರನ್ನು ಕೇಳಿಯೇ ನಂಬಿ, ಪಕ್ಕದ ಮನೆಯವರ ಮಾತು ಕೇಳಿ ಅಲ್ಲ. ನಿಮ್ಮ ಹಸಿರು ಕಾರ್ಡಿನ ಅರ್ಜಿಯೇ ಹಾಳಾಗಬಹುದು. ಹಸಿರು ಕಾರ್ಡ್ ಸಿಕ್ಕವರಿಗೆ ಈ ಕೇಂದ್ರದ ಅಡ್ಡಿ ಇಲ್ಲ, ಆದರೆ ಪ್ರತಿ ರಾಜ್ಯದ ನಿಯಮ ಬೇರೆ.

ನ್ಯೂಜೆರ್ಸಿಯನ್ನೇ ನೋಡಿ. ಎಡಿಸನ್ ಸುತ್ತಮುತ್ತ ನಮ್ಮವರು ತುಂಬಾ ಇದ್ದಾರೆ. 2022ರಲ್ಲಿ ಸುಪ್ರೀಂ ಕೋರ್ಟಿನ ಬ್ರೂಯೆನ್ ತೀರ್ಪು ಬಂದ ಮೇಲೆ ಅಲ್ಲಿ ಬಂದೂಕು ಹೊತ್ತು ತಿರುಗುವ ಪರ್ಮಿಟ್ ಸಿಗುವುದು ಸುಲಭವಾಯಿತು. ಆದರೆ ಮೂತಿಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ ಹೊರತು ಹೊತ್ತು ತಿರುಗುವುದು ಅಲ್ಲಿ ಅಪರಾಧ. ಗುಳಿಯನ್ನು ಪಾಲಿಮರ್‌ನಿಂದ ತುಂಬಿದ, ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್‌ನಂಥ ಗುಂಡನ್ನು ಅಲ್ಲಿನ ರಾಜ್ಯ ಪೊಲೀಸರು ಹಾಲೋ ಪಾಯಿಂಟ್ ಎಂದು ಎಣಿಸುವುದಿಲ್ಲ. ಟೆಕ್ಸಾಸ್‌ನಲ್ಲಿ ಕೊಂಡ ಡಬ್ಬಿಯನ್ನೇ ಕಾರಿನಲ್ಲಿ ಹಾಕಿಕೊಂಡು ಅಲ್ಲಿಗೆ ಹೋದರೆ ಏನಾಗಬಹುದು ಅಂತ ಯೋಚಿಸಿ.

ನಿಮ್ಮ ರಿವಾಲ್ವರ್ ಎಷ್ಟು ಜೋರನ್ನು ತಾಳಿಕೊಳ್ಳುತ್ತದೆ?

ಯಾವ ಬಗೆಯ ತೋಟಾ ಅಂತ ನಳಿಗೆಯ ಮೇಲೆ ಕೊರೆದಿರುವುದನ್ನು ಓದಿ. ಹೆಸರಿನ .44, .45 ಅನ್ನುವುದು ಗುಂಡಿನ ಅಗಲ, ಸುಮಾರಾಗಿ ಇಂಚಿನ ಲೆಕ್ಕದಲ್ಲಿ. .44 ಸ್ಪೆಷಲ್ ಒಂದು ಶತಮಾನಕ್ಕೂ ಹಳೆಯದು. ಅದರ ಮೂಲ ತೋಟಾದಲ್ಲಿ 246 ಗ್ರೇನಿನ ಸೀಸದ ಗುಂಡು, ವೇಗ ಸೆಕೆಂಡಿಗೆ ಸುಮಾರು 755 ಅಡಿ. 1955ರ ಕೊನೆಗೆ ಬಂದ .44 ಮ್ಯಾಗ್ನಮ್ ಅದೇ ಅಗಲದ ಗುಂಡನ್ನು ಬಹಳ ಜೋರಾಗಿ ತಳ್ಳುತ್ತದೆ. ಒಳಗಿನ ಒತ್ತಡದ ಮಿತಿ ಸ್ಪೆಷಲ್‌ಗೆ ಚದರ ಇಂಚಿಗೆ 15,500 ಪೌಂಡ್, ಮ್ಯಾಗ್ನಮ್‌ಗೆ 36,000. ಮ್ಯಾಗ್ನಮ್ ರಿವಾಲ್ವರಿನಲ್ಲಿ ಸ್ಪೆಷಲ್ ತೋಟಾ ಹಾಕಬಹುದು. ಸ್ಪೆಷಲ್ ರಿವಾಲ್ವರಿಗೆ ಮ್ಯಾಗ್ನಮ್ ಹಾಕುವಂತಿಲ್ಲ. ಎರಡೂ ಅದಲುಬದಲಾಗದಿರಲಿ ಅಂತಲೇ ಮ್ಯಾಗ್ನಮ್ ಕೊಳವೆಯನ್ನು 3 ಮಿ.ಮೀ. ಉದ್ದ ಮಾಡಿದ್ದಾರೆ.

.45 ಕೋಲ್ಟ್ ಇನ್ನೂ ಹಳೆಯದು, 1873ರದು. ಅದರ ಮಿತಿ 14,000. ಇಲ್ಲಿ ಒಂದು ಮೋಸ ಹೋಗುವ ಜಾಗ ಇದೆ. ಗಟ್ಟಿ ಚೌಕಟ್ಟಿನ ದೊಡ್ಡ ರಿವಾಲ್ವರ್‌ಗಳಿಗೆಂದೇ ಮದ್ದು ಜಾಸ್ತಿ ತುಂಬಿದ .45 ಕೋಲ್ಟ್ ತೋಟಾಗಳೂ ಅಂಗಡಿಯಲ್ಲಿ ಸಿಗುತ್ತವೆ. ಹೊರಗಿನಿಂದ ನೋಡಲು ಒಂದೇ ಥರ. ಡಬ್ಬಿಯ ಮೇಲಿನ ಎಚ್ಚರಿಕೆಯನ್ನು ಓದದೆ ಹಗುರ ರಿವಾಲ್ವರಿಗೆ ತುಂಬಿದರೆ ಸಿಲಿಂಡರೇ ಸೀಳಬಹುದು. ಬೇರೆಯವರು ಮನೆಯಲ್ಲಿ ತುಂಬಿದ ತೋಟಾವನ್ನಂತೂ ಮುಟ್ಟಲೇಬೇಡಿ.

ಗುಂಡಿನ ಆಕಾರ, ತೂಕ, ವೇಗ

ನಾನು ಇಲ್ಲಿ .44 ಸ್ಪೆಷಲ್ ಅನ್ನೇ ಉದಾಹರಣೆ ಮಾಡಿಕೊಳ್ಳುತ್ತೇನೆ. 1973ರಲ್ಲಿ ಬಂದ ಚಾರ್ಟರ್ ಆರ್ಮ್ಸ್ ಬುಲ್‌ಡಾಗ್ ಈ ಜಾತಿಯ ಹೆಸರುವಾಸಿ ರಿವಾಲ್ವರ್. ಐದೇ ತೋಟಾ ಹಿಡಿಯುತ್ತದೆ, ತೂಕ 20 ಔನ್ಸಿನ ಆಸುಪಾಸು, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು.

ಡಬ್ಬಿಯ ಮೇಲೆ ಬರೆದ ವೇಗ ಸಾಮಾನ್ಯವಾಗಿ ಉದ್ದ ನಳಿಗೆಯಲ್ಲಿ ಅಳೆದದ್ದು. ಸ್ಪೀರ್ ಗೋಲ್ಡ್ ಡಾಟ್ 200 ಗ್ರೇನಿನ ಗುಂಡಿಗೆ 875 ಅಡಿ ಅಂತಿದೆ. ಎರಡೂವರೆ ಇಂಚಿನ ನಳಿಗೆಯಲ್ಲಿ ಅದು ಸಲೀಸಾಗಿ 100 ಅಡಿಯಷ್ಟು ಕಳೆದುಕೊಳ್ಳಬಹುದು. ಹಾಲೋ ಪಾಯಿಂಟ್ ಗುಂಡು ತಾಗಿದ ಮೇಲೆ ಹೂವಿನ ಹಾಗೆ ಅರಳಲು ವೇಗ ಬೇಕು. ಜೀನ್ಸ್ ಬಟ್ಟೆಯ ಎಳೆಗಳು ಗುಳಿಗೆ ಸಿಕ್ಕಿಕೊಂಡರೆ ಅರಳದೆಯೂ ಹೋಗುತ್ತದೆ. ಹಾಗಾಗಿ ಕಡಿಮೆ ವೇಗದಲ್ಲೂ ಅರಳುವಂತೆ ಮಾಡಿದ, 165ರಿಂದ 200 ಗ್ರೇನಿನ ಗುಂಡನ್ನು ಹುಡುಕಿ. ಅರಳದೇ ಹೋದರೂ .44 ಗುಂಡು 11 ಮಿ.ಮೀ. ಅಗಲ ಇದ್ದೇ ಇರುತ್ತದೆ. ನಾನು ದೊಡ್ಡ ಗುಂಡನ್ನು ಇಷ್ಟಪಡುವುದು ಇದೇ ಕಾರಣಕ್ಕೆ. ಗುಳಿಯೇ ಇಲ್ಲದ, ಮೂತಿ ಚಪ್ಪಟೆಯಾದ ಸೀಸದ ವಾಡ್‌ಕಟರ್ ಗುಂಡು ಕೂಡ ಈ ಅಗಲದಲ್ಲಿ ಕೆಲಸಕ್ಕೆ ಬರುತ್ತದೆ.

ಎಷ್ಟು ಆಳ ಹೋಗಬೇಕು? 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರ ಜೊತೆ ನಡೆದ ಗುಂಡಿನ ಕಾಳಗದಲ್ಲಿ ಇಬ್ಬರು ಏಜೆಂಟರನ್ನು ಕಳೆದುಕೊಂಡ ಮೇಲೆ ಎಫ್‌ಬಿಐ ಈ ಪ್ರಶ್ನೆಯನ್ನು ಕೂಲಂಕಷವಾಗಿ ನೋಡಿತು. ಪರೀಕ್ಷೆಗೆ ಮಾಂಸದ ಬದಲು ಬಳಸುವ ಜೆಲಟಿನ್ ಗಟ್ಟಿಯಲ್ಲಿ 12ರಿಂದ 18 ಇಂಚು ಅನ್ನುವುದು ಅವರ ಅಳತೆ. ಕಡಿಮೆಯಾದರೆ ಸಾಲದು, ಹೆಚ್ಚಾದರೆ ಆಚೆ ಬದಿಯಿಂದ ಹೊರಬಂದು ಯಾರಿಗೆ ತಾಗುತ್ತದೋ ಹೇಳಲಾಗದು. ಅಮೆರಿಕದ ಮನೆಗಳ ಒಳಗೋಡೆ ಜಿಪ್ಸಂ ಹಲಗೆ. ಯಾವ ಗುಂಡನ್ನೂ ಅದು ತಡೆಯುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಗು ಮಲಗಿರುತ್ತದೆ, ಅಲ್ವಾ?

ಮ್ಯಾಗ್ನಮ್ ರಿವಾಲ್ವರ್ ಇರುವವರಿಗೂ ನನ್ನ ಸಲಹೆ ಸ್ಪೆಷಲ್ ತೋಟಾವೇ. ಒಂದೇ ರಿವಾಲ್ವರಿನಲ್ಲಿ ಪೂರ್ತಿ ಜೋರಿನ ಮ್ಯಾಗ್ನಮ್ ಒದೆಯುವುದು ಸ್ಪೆಷಲ್‌ಗಿಂತ ನಾಲ್ಕೈದು ಪಟ್ಟು. ಮೊದಲ ಗುಂಡಿನ ನಂತರ ಕೈ ಮತ್ತೆ ಗುರಿಗೆ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಅದರ ಸದ್ದಿಗೆ ಕಿವಿ ಶಾಶ್ವತವಾಗಿ ಹಾಳಾಗಬಹುದು.

ಈಗ ರೇಂಜಿನ ಪರೀಕ್ಷೆ

ಎರಡು ಮೂರು ಬಗೆಯ ತೋಟಾ, ಒಂದೊಂದು ಡಬ್ಬಿ ಕೊಳ್ಳಿ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಹಾಕಿ.

ಮೊದಲ ಪರೀಕ್ಷೆ ನನ್ನ ಸ್ನೇಹಿತನಿಗೆ ಆದದ್ದನ್ನು ತಪ್ಪಿಸುವುದು. ಒಂದು ತೋಟಾಕ್ಕೆ ಮಾರ್ಕರಿನಿಂದ ಗುರುತು ಹಾಕಿ, ವರ್ನಿಯರ್ ಕ್ಯಾಲಿಪರಿನಲ್ಲಿ ಅದರ ಉದ್ದ ಅಳೆದು ಬರೆದಿಡಿ. ಅದನ್ನು ಕೊನೆಗೆ ಬರುವಂತೆ ತುಂಬಿ, ಉಳಿದ ನಾಲ್ಕನ್ನು ಹಾರಿಸಿ. ಹೊರತೆಗೆದು ಮತ್ತೆ ಅಳೆಯಿರಿ. ಹೊಸ ನಾಲ್ಕರ ಜೊತೆ ಅದನ್ನೇ ಮತ್ತೆ ತುಂಬಿ, ಇನ್ನೊಮ್ಮೆ. ರಿವಾಲ್ವರ್ ಹಿಂದಕ್ಕೆ ಒದೆದಾಗ ಹಿತ್ತಾಳೆ ಕೊಳವೆ ಅದರ ಜೊತೆ ಹಿಂದೆ ಹೋಗುತ್ತದೆ, ಭಾರದ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಕೊಳವೆಯ ಬಾಯಿ ಗುಂಡನ್ನು ಬಿಗಿಯಾಗಿ ಕಚ್ಚಿ ಹಿಡಿದಿರದಿದ್ದರೆ ಅದು ಜರುಗುತ್ತದೆ. ರಿವಾಲ್ವರ್ ಹಗುರವಾದಷ್ಟೂ, ಗುಂಡು ಭಾರವಾದಷ್ಟೂ ಈ ಕಾಟ ಹೆಚ್ಚು. ಎರಡು ಸುತ್ತಿನ ನಂತರ ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ತೋಟಾ ನಿಮ್ಮ ರಿವಾಲ್ವರಿಗೆ ಬೇಡ, ಎಷ್ಟೇ ಬೆಲೆ ಕೊಟ್ಟು ತಂದಿದ್ದರೂ. ಗುರುತು ಹಾಕಿದ ಆ ತೋಟಾವನ್ನು ಮತ್ತೆ ಹೊತ್ತು ಓಡಾಡಬೇಡಿ. ಜರುಗದೆ ಇದ್ದರೆ ಅಲ್ಲೇ ಹಾರಿಸಿಬಿಡಿ, ಜರುಗಿದ್ದರೆ ರೇಂಜಿನವರಿಗೆ ಒಪ್ಪಿಸಿ.

ಎರಡನೆಯದು ಗುರಿ. 7 ಗಜ ದೂರದಲ್ಲಿ ಕಾಗದ ಕಟ್ಟಿ, ಪ್ರತಿ ಬಗೆಯಲ್ಲಿ ಐದೈದು ಹಾರಿಸಿ. ಸಣ್ಣ ರಿವಾಲ್ವರಿನ ಗುರಿಮಣೆ ತಿರುಗಿಸಿ ಸರಿಮಾಡುವಂಥದ್ದಲ್ಲ. ಭಾರವಾದ ನಿಧಾನ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ಮೂತಿ ಮೇಲೆದ್ದಿರುತ್ತದೆ, ಗುಂಡು ಮೇಲಕ್ಕೆ ಬೀಳುತ್ತದೆ. ಹಗುರ ಗುಂಡು ಕೆಳಗೆ ಬೀಳುತ್ತದೆ. ನೀವು ಎಲ್ಲಿ ನೋಡುತ್ತೀರೋ ಅಲ್ಲೇ ಬೀಳುವ ತೂಕ ಯಾವುದು ಅಂತ ಕಾಗದವೇ ಹೇಳುತ್ತದೆ. ನನ್ನ ರಿವಾಲ್ವರಿಗೆ ಅದು 200 ಗ್ರೇನ್. ನಿಮ್ಮದಕ್ಕೆ ಬೇರೆಯೇ ಇರಬಹುದು.

ಮೂರನೆಯದು ಕೈ. ಐದೂ ಗುಂಡನ್ನು ಒಂದರ ಹಿಂದೊಂದು ಹಾರಿಸಿ, ಐದೂ ಒಂದು ಊಟದ ತಟ್ಟೆಯ ಅಗಲದೊಳಗೆ ಬೀಳಬೇಕು. ಮೂರನೆಯದಕ್ಕೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರೆ ಇನ್ನೂ ಮೆತ್ತನೆಯ ತೋಟಾಕ್ಕೆ ಇಳಿಯಿರಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ಆಮೇಲೆ ಐದೂ ತೋಟಾವನ್ನು ಒಟ್ಟಿಗೆ ತುಂಬುವ ಸಾಧನವಾದ ಸ್ಪೀಡ್‌ಲೋಡರಿನಿಂದ ಮತ್ತೆ ತುಂಬಿ ನೋಡಿ. ದುಂಡು ಮೂತಿಯ ಗುಂಡು ಸರಾಗವಾಗಿ ಇಳಿಯುತ್ತದೆ, ವಾಡ್‌ಕಟರಿನ ಚೂಪು ಅಂಚು ರಂಧ್ರದ ಬಾಯಿಗೆ ತಗಲಿ ನಿಲ್ಲುತ್ತದೆ.

ಅಭ್ಯಾಸಕ್ಕೆ ಕೌಬಾಯ್ ಶೈಲಿಯ ಶೂಟಿಂಗ್ ಸ್ಪರ್ಧೆಯ ಆಟಗಾರರಿಗೆಂದು ಮಾಡುವ ನಿಧಾನದ ಸೀಸದ ತೋಟಾ ಸಾಕು. ಸೀಸ ವಿಷ. ಮನೆಗೆ ಬಂದ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ, ಮಗುವನ್ನು ಎತ್ತಿಕೊಳ್ಳುವ ಮೊದಲು ಅಂಗಿ ಬದಲಿಸಿ.

ಆರಿಸಿದ ಮೇಲೆ

ರಿವಾಲ್ವರಿಗೆ ಎಣ್ಣೆ ಹಾಕುವಾಗ ತೋಟಾಗಳನ್ನು ದೂರ ಇಡಿ. ಎಣ್ಣೆ ಕೇಪಿನೊಳಗೆ ಇಳಿದರೆ ಹೊತ್ತಿಕೊಳ್ಳದೇ ಹೋಗಬಹುದು. ನಾನು ವರ್ಷಕ್ಕೊಮ್ಮೆ ಹಳೆಯ ಐದನ್ನು ರೇಂಜಿನಲ್ಲಿ ಹಾರಿಸಿ ಹೊಸದನ್ನು ತುಂಬುತ್ತೇನೆ. ಮೈಮೇಲೆ ಇಲ್ಲದ ಹೊತ್ತು ರಿವಾಲ್ವರ್ ಬೀಗದ ಪೆಟ್ಟಿಗೆಯಲ್ಲೇ ಇರಬೇಕು. ಟೆಕ್ಸಾಸ್‌ನಲ್ಲಿ 17 ವರ್ಷದೊಳಗಿನ ಮಗುವಿನ ಕೈಗೆ ಸಿಗುವಂತೆ ತುಂಬಿದ ಬಂದೂಕು ಬಿಟ್ಟರೆ ಅದು ಅಪರಾಧ.

ಇನ್ನೊಂದು ಮಾತು, ಊರಿಗೆ ಹೊರಡುವವರಿಗೆ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ. ಯಾವುದೋ ಜೇಬಿನ ಮೂಲೆಯಲ್ಲಿ ಒಂದೇ ಒಂದು ತೋಟಾ ಉಳಿದು, ಅದು ಬೆಂಗಳೂರಿನ ಏರ್‌ಪೋರ್ಟಿನ ಸ್ಕ್ಯಾನರಿನಲ್ಲಿ ಕಂಡರೂ ಸಾಕು, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ಮರೆತಿದ್ದೆ ಅಂತ ಕೋರ್ಟಿನಲ್ಲಿ ಸಾಬೀತು ಮಾಡುವಷ್ಟರಲ್ಲಿ ರಜೆಯೆಲ್ಲ ಪೊಲೀಸ್ ಠಾಣೆ, ವಕೀಲರ ಆಫೀಸಿನಲ್ಲೇ ಕಳೆಯುತ್ತದೆ. ಪ್ರತಿ ಸೂಟ್‌ಕೇಸನ್ನು ನೆಲದ ಮೇಲೆ ತಲೆಕೆಳಗು ಮಾಡಿ ಕೊಡವಿ, ಜೇಬುಗಳನ್ನು ಹೊರಕ್ಕೆ ಮಗುಚಿ ನೋಡಿ. ಜಾಕೆಟ್ಟಿನ ಜೇಬನ್ನೂ.