ಸಹಿ ಆಟದಲ್ಲಿ ಎಚ್‌ಐವಿ ಪಾಠ: ನನ್ನ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮದ ನಮ್ಮ ಹತ್ತನೆಯ ತರಗತಿಯ ಮಕ್ಕಳು ಎಚ್‌ಐವಿ ಹರಡುವ ದಾರಿಗಳನ್ನು ಪರೀಕ್ಷೆಗೆ ಬೇಕಾದಷ್ಟು ಬಾಯಿಪಾಠ ಮಾಡುತ್ತಾರೆ. ಆದರೆ ಸೋಂಕಿತರನ್ನು ಮುಖ ನೋಡಿಯೇ ಗುರುತಿಸಬಹುದೆಂಬ ನಂಬಿಕೆಯಾಗಲಿ, ಗೆಳೆಯರ ಒತ್ತಾಯಕ್ಕೆ ಬೇಡವೆನ್ನಲಾಗದ ದಾಕ್ಷಿಣ್ಯವಾಗಲಿ ಬಾಯಿಪಾಠದಿಂದ ಹೋಗುವಂಥದ್ದಲ್ಲ. ಜೀವಶಾಸ್ತ್ರದ ಅಧ್ಯಾಪಕಿಯಾದ ನಾನು ಅದಕ್ಕಾಗಿ ಒಂದು ಆಟವನ್ನು ಆರಿಸಿಕೊಂಡೆ.

ಈ ಬಗೆಯ ಆಟವನ್ನು ಕೈಕುಲುಕಿಸಿ ಆಡಿಸುವುದುಂಟು. ಕೈಕುಲುಕಿದರೆ ಸೋಂಕು ಹರಡದೆಂದು ಕಲಿಸಬೇಕಾದಲ್ಲಿ ಅದು ನನಗೆ ಸರಿಕಾಣಲಿಲ್ಲ. ಬದಲಿಗೆ ಮಡಚಿದ ಚೀಟಿಗಳನ್ನು ಹಂಚಿ, ಇಷ್ಟಬಂದವರೊಡನೆ ಸಹಿ ವಿನಿಮಯ ಮಾಡಿಕೊಳ್ಳಲು ಹೇಳಿದೆ. ಒಂದು ಚೀಟಿಯ ಒಳಮೂಲೆಯಲ್ಲಿ ಸೋಂಕಿನ ಗುರುತಾಗಿ ಸಣ್ಣ ಪೆನ್ಸಿಲ್ ಚುಕ್ಕಿಯಿತ್ತು. ಕೆಲವದರಲ್ಲಿ ‘ಯಾರೊಡನೆಯೂ ಸಹಿ ಬೇಡ’ ಎಂದು ಬರೆದಿದ್ದೆ. ಕೊನೆಗೆ ಚುಕ್ಕಿಯ ಚೀಟಿ ಇದ್ದವಳನ್ನು, ಅವಳೊಡನೆ ಸಹಿ ಹಾಕಿದವರನ್ನು, ಮತ್ತೆ ಅವರೊಡನೆ ಹಾಕಿದವರನ್ನು ನಿಲ್ಲಿಸುತ್ತ ಹೋದಾಗ ಅರ್ಧಕ್ಕಿಂತ ಹೆಚ್ಚು ಮಂದಿ ನಿಂತಿದ್ದರು. ಚುಕ್ಕಿ ತನ್ನಲ್ಲಿದೆಯೆಂದು ಅಲ್ಲಿಯವರೆಗೆ ಅವಳಿಗೇ ತಿಳಿದಿರಲಿಲ್ಲ.

ಕುಳಿತೇ ಇದ್ದ ಹುಡುಗನೊಬ್ಬ, “ಒಂದು ಸಹಿ ಹಾಕಿದ್ರೆ ಎಂತ ಆಗ್ತದೆ ಮಾರಾಯ ಅಂತ ಎಲ್ಲರೂ ಪೀಡಿಸಿದ್ರು ಟೀಚರ್” ಎಂದ. ಉಳಿದ ಸಮಯವನ್ನೆಲ್ಲ ಆ ಮಾತಿಗೇ ಕೊಟ್ಟೆ. ಇಬ್ಬಿಬ್ಬರಾಗಿ, ಒಬ್ಬರು ಒತ್ತಾಯಿಸಿ ಮತ್ತೊಬ್ಬರು ನಿರಾಕರಿಸುವುದನ್ನು ಅಭ್ಯಾಸ ಮಾಡಿದರು. ಕಾರಣ ಹೇಳಹೊರಟವರು ವಾದದಲ್ಲಿ ಸಿಕ್ಕಿಬಿದ್ದರು. “ನಂಗೆ ಬೇಡ” ಎಂದಷ್ಟೇ ಹೇಳಿ ಎದ್ದುಹೋದವರು ಗೆದ್ದರು.

ಮರುದಿನ, ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಯೂ ಅದನ್ನು ತೋರಿಸದಿರಬಹುದೆಂಬುದನ್ನು, ಕಾಂಡೋಮ್‌ನ ಉಪಯೋಗವನ್ನು, ಸೋಂಕಿನ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ತಡೆ ಔಷಧಿ ಆರಂಭಿಸಬೇಕೆಂಬುದನ್ನು ನೇರವಾಗಿಯೇ ಹೇಳಿದೆ. ಕೇರಳದಲ್ಲಿ ಉಚಿತ ಪರೀಕ್ಷೆ ಮತ್ತು ಆಪ್ತಸಲಹೆ ನೀಡುವ ‘ಜ್ಯೋತಿಸ್’ ಕೇಂದ್ರಗಳ ವಿಚಾರವನ್ನೂ 1097 ಸಹಾಯವಾಣಿಯನ್ನೂ ತಿಳಿಸಿದೆ. ಹೆಸರಿಲ್ಲದ ಪ್ರಶ್ನೆಗಳಿಗೆ ಪೆಟ್ಟಿಗೆಯಿಟ್ಟೆ. ಆದರೆ ಯಾರಾದರೂ ಲೈಂಗಿಕ ದೌರ್ಜನ್ಯವನ್ನು ನನ್ನ ಗಮನಕ್ಕೆ ತಂದರೆ ಪೋಕ್ಸೋ ಕಾಯ್ದೆಯಂತೆ ವರದಿ ಮಾಡುವುದು ನನ್ನ ಹೊಣೆಯೆಂದು ಮೊದಲೇ ತಿಳಿಸಿದ್ದೆ. ಈ ವಿಷಯದಲ್ಲಿ ಮಕ್ಕಳಿಗೆ ಗುಟ್ಟಿನ ಪೊಳ್ಳು ಭರವಸೆ ಕೊಡುವುದು ಅನ್ಯಾಯ.

ಆಟ ಆಡಿಸುವವರು ಒಂದನ್ನು ಗಮನಿಸಬೇಕು. ತಾಯಿಯಿಂದ ಸೋಂಕು ಪಡೆದ ಮಗು ಅದೇ ಬೆಂಚಿನಲ್ಲಿ ಕುಳಿತಿರಬಹುದು. ಆದ್ದರಿಂದ ನಿಂತವರನ್ನು ‘ರೋಗಿಗಳು’ ಎನ್ನಲು ನಾನು ಯಾರಿಗೂ ಬಿಡಲಿಲ್ಲ. ನಿತ್ಯ ಔಷಧಿಯಿಂದ ವೈರಾಣು ಪತ್ತೆಯಾಗದಷ್ಟು ತಗ್ಗಿದವರಿಂದ ಲೈಂಗಿಕವಾಗಿ ಸೋಂಕು ಹರಡುವುದಿಲ್ಲವೆಂದೂ, ಸೋಂಕಿನ ಕಾರಣಕ್ಕೆ ಶಾಲೆಯಿಂದ ಹೊರಗಿಡುವುದನ್ನು 2017ರ ಎಚ್‌ಐವಿ ಕಾಯ್ದೆ ನಿಷೇಧಿಸಿದೆಯೆಂದೂ ಹೇಳಿದ ಮೇಲೆಯೇ ಅವರನ್ನು ಕುಳ್ಳಿರಿಸಿದೆ.