ಪೆನಾಂಗ್ ಮೂರು ದಿನ: ಏನನ್ನು ಯಾವ ಹೊತ್ತಿಗೆ ನೋಡಬೇಕು

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿರುವ ಜಾರ್ಜ್‌ಟೌನ್‌ನಲ್ಲಿ ಚರ್ಚು, ಚೀನೀ ದೇಗುಲ, ಮಾರಿಯಮ್ಮನ ಗುಡಿ, ಮಸೀದಿ ಎಲ್ಲವೂ ಒಂದೇ ರಸ್ತೆಯ ಆಸುಪಾಸಿನಲ್ಲಿವೆ. ಸಿಟಿ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಕೂತರೆ ಕಾಡು ಮತ್ತು ಕಡಲು, ಇನ್ನೊಂದು ದಿಕ್ಕಿಗೆ ಹೋದರೆ ಬೆಟ್ಟ. ದೂರ ಇಷ್ಟು ಕಡಿಮೆಯಿದ್ದರೂ ಬಂದವರಲ್ಲಿ ಬಹಳಷ್ಟು ಮಂದಿ ಅರ್ಧ ನೋಡಿ ಮರಳುತ್ತಾರೆ. ಬಾಗಿಲು ಹಾಕಿದ ಮೇಲೆ ಗುಡಿಗೆ, ಮೋಡ ಕವಿದ ಮೇಲೆ ಬೆಟ್ಟಕ್ಕೆ, ನೆತ್ತಿ ಸುಡುವ ಹೊತ್ತಿಗೆ ಕಾಡಿಗೆ ಹೋಗುವುದೇ ಇದಕ್ಕೆ ಕಾರಣ. ಹೊತ್ತನ್ನು ಸರಿಯಾಗಿ ಜೋಡಿಸಿಕೊಂಡರೆ ಮೂರು ದಿನ ಧಾರಾಳ.

ಹೊರಡುವ ಮೊದಲು

2023ರ ಡಿಸೆಂಬರ್‌ನಿಂದ ಭಾರತೀಯರು 30 ದಿನಗಳವರೆಗೆ ವೀಸಾ ಇಲ್ಲದೆ ಮಲೇಷ್ಯಾಕ್ಕೆ ಹೋಗಬಹುದು. ಇದು ಅವಧಿ ಮುಗಿದಾಗ ವಿಸ್ತರಿಸುವಂಥ ವಿನಾಯಿತಿ. ಹಾಗಾಗಿ ಟಿಕೆಟ್ ತೆಗೆಯುವ ಮುಂಚೆ ಅಧಿಕೃತ ಜಾಲತಾಣದಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ವೀಸಾ ಬೇಡವೆಂದು ನಿರಾಳವಾಗಿ ಹೊರಟವರು ಮರೆಯುವುದು ಡಿಜಿಟಲ್ ಅರೈವಲ್ ಕಾರ್ಡ್. ಅದನ್ನು ಮಲೇಷ್ಯಾ ತಲುಪುವ ಹಿಂದಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು.

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನವಿದೆ. ಅಲ್ಲಿಂದ ಇನ್ನೊಂದು ವಿಮಾನ ಹಿಡಿಯಬಹುದು. ಇಲ್ಲವೆ ಕೆ.ಎಲ್. ಸೆಂಟ್ರಲ್‌ನಿಂದ ಇಟಿಎಸ್ ಎಂಬ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ ಪಯಣಿಸಿ ದ್ವೀಪದ ಎದುರು ದಡದ ಬಟರ್‌ವರ್ತ್‌ನಲ್ಲಿ ಇಳಿಯಬಹುದು. ನಿಲ್ದಾಣದ ಪಕ್ಕದಲ್ಲೇ ಫೆರ್ರಿ ಕಟ್ಟೆ. ದ್ವೀಪಕ್ಕೆ 13.5 ಕಿಲೋಮೀಟರ್ ಉದ್ದದ ಸೇತುವೆ 1985ರಿಂದಲೂ ಇದೆ, ಆದರೂ ಮೊದಲ ಸಲ ಹೋಗುವವರು ಫೆರ್ರಿಯನ್ನೇ ಹಿಡಿಯಿರಿ. ಅದು ನೇರ ಹಳೆಯ ಪಟ್ಟಣದ ಅಂಚಿಗೆ, ವೆಲ್ಡ್ ಕೀ ಬಸ್ ನಿಲ್ದಾಣದ ಎದುರಿಗೇ ಇಳಿಸುತ್ತದೆ.

ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಬೆಳಿಗ್ಗೆ ಏಳರವರೆಗೂ ಕತ್ತಲು, ಸಂಜೆ ಏಳರವರೆಗೂ ಬೆಳಕು. "ಆರಕ್ಕೇ ಎದ್ದು ವಾಕಿಂಗ್" ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಳೆ ವರ್ಷವಿಡೀ ಬರುತ್ತದೆ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಹೆಚ್ಚು. ಡಿಸೆಂಬರ್‌ನಿಂದ ಫೆಬ್ರವರಿ ಒಣ ಕಾಲ. ಪ್ಲಗ್ ಮೂರು ಚೌಕ ಕಡ್ಡಿಗಳದ್ದು, ಅಡಾಪ್ಟರ್ ಬೇಕು. ರ‍್ಯಾಪಿಡ್ ಪೆನಾಂಗ್ ಬಸ್ಸಿನಲ್ಲಿ ಹಣ ಕೊಟ್ಟರೆ ಚಿಲ್ಲರೆ ಮರಳಿ ಸಿಗುವುದಿಲ್ಲ. ಒಂದು ರಿಂಗಿಟ್ ನೋಟುಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಮೊದಲ ದಿನ: ಹಳೆಯ ಪಟ್ಟಣ, ಕಾಲ್ನಡಿಗೆಯಲ್ಲಿ

ಜಾರ್ಜ್‌ಟೌನ್ 2008ರಲ್ಲಿ ಮಲಾಕಾ ಪಟ್ಟಣದ ಜೊತೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಲ್ಲಿ ನೋಡಬೇಕಾದ ಮುಖ್ಯ ಜಾಗಗಳೆಲ್ಲ ಒಂದರಿಂದ ಒಂದಕ್ಕೆ ಐದು ಹತ್ತು ನಿಮಿಷದ ನಡಿಗೆ. ಟ್ಯಾಕ್ಸಿ ಮಾಡಿದರೆ ಏಕಮುಖ ರಸ್ತೆಗಳಲ್ಲಿ ಸುತ್ತುವುದೇ ಆಗುತ್ತದೆ.

ಎಂಟೂವರೆಗೆ ಲೆಬು ಫಾರ್ಕರ್ ರಸ್ತೆಯ ಸೇಂಟ್ ಜಾರ್ಜ್ ಚರ್ಚಿನಿಂದ ಶುರುಮಾಡಿ. 1818ರ ಈ ಕಟ್ಟಡ ಆಗ್ನೇಯ ಏಷ್ಯಾದ ಅತಿ ಹಳೆಯ ಆಂಗ್ಲಿಕನ್ ಚರ್ಚು. ಒಳಗೆ ಬಿಡದಿದ್ದರೂ ಬಿಳಿ ಕಂಬಸಾಲನ್ನು ಅಂಗಳದಿಂದಲೇ ನೋಡಬಹುದು. ಎದುರಿನ ಪುಟ್ಟ ಮಂಟಪ, 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಇಲ್ಲಿ ಬಾವುಟ ಊರಿದ ಫ್ರಾನ್ಸಿಸ್ ಲೈಟ್‌ನ ನೆನಪಿನದು. ಅವನು ಕಟ್ಟಿದ ಕೋಟೆ ಸ್ವಲ್ಪ ದೂರದಲ್ಲಿ, ಕಡಲ ದಂಡೆಯಲ್ಲಿದೆ. ಅದರ ಹೆಸರು ಫೋರ್ಟ್ ಕಾರ್ನ್‌ವಾಲಿಸ್. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಯ್ದ ಅದೇ ಕಾರ್ನ್‌ವಾಲಿಸ್. ದ್ವೀಪದ ಎದುರಿನ ನೆಲಕ್ಕೆ 1800ರಲ್ಲಿ ವೆಲ್ಲೆಸ್ಲಿ ಪ್ರಾಂತ್ಯವೆಂದು ಹೆಸರಿಟ್ಟರು. ಟಿಪ್ಪು ಮಡಿದಾಗ ಗವರ್ನರ್ ಜನರಲ್ ಆಗಿದ್ದವನು ಆ ವೆಲ್ಲೆಸ್ಲಿಯೇ. ಕೋಟೆ ಮಾತ್ರ ಒಂದೂ ಯುದ್ಧ ಕಂಡಿಲ್ಲ. ಗೋಡೆ, ಫಿರಂಗಿ ನೋಡುವ ಆಸಕ್ತಿ ಇದ್ದವರು ಹೋಗಿ, ಇಲ್ಲದವರು ಧೈರ್ಯವಾಗಿ ಬಿಡಿ.

ಚರ್ಚಿನಿಂದ ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್ ರಸ್ತೆ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಹಳಬರ ಬಾಯಲ್ಲೂ ಹಳೆಯ ನಕ್ಷೆಗಳಲ್ಲೂ ಇದು ಪಿಟ್ ಸ್ಟ್ರೀಟ್. ಊರಿನ ಬಹಳಷ್ಟು ರಸ್ತೆಗಳಿಗೆ ಹೀಗೆ ಎರಡೆರಡು ಹೆಸರಿರುವುದರಿಂದ ಎರಡನ್ನೂ ಗುರುತು ಮಾಡಿಕೊಳ್ಳಿ. ಮೊದಲು ಸಿಗುವುದು ಚೀನೀಯರ ಕರುಣೆಯ ದೇವತೆ ಕ್ವಾನ್ ಯಿನ್ ದೇಗುಲ. ಅಂಗಳದಲ್ಲಿ ಆಳೆತ್ತರದ ಊದುಬತ್ತಿಗಳು ಉರಿಯುತ್ತವೆ. ಉಬ್ಬಸದ ತೊಂದರೆ ಇದ್ದವರು ಗಾಳಿ ಬರುವ ಕಡೆ, ಹೊಗೆ ತಾಗದಂತೆ ನಿಂತು ನೋಡಿ. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಎಂದರೆ ನಮ್ಮ ಪಾಡ್ಯ, ಹುಣ್ಣಿಮೆಗಳ ಹೊತ್ತಿಗೆ, ಕಾಲಿಡಲು ಜಾಗವಿರುವುದಿಲ್ಲ.

ಅಲ್ಲಿಂದ ಪಕ್ಕದ ಓಣಿಗೆ ಹೊಕ್ಕರೆ ಲೆಬು ಕ್ವೀನ್, ಲಿಟಲ್ ಇಂಡಿಯಾದ ನಡು. 1833ರ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನದ ಗೋಪುರ ಈ ರಸ್ತೆಗೆ ಮುಖ ಮಾಡಿದೆ. ನಮ್ಮ ಕಡೆಯ ಗುಡಿಗಳಂತೆ ಮಧ್ಯಾಹ್ನ ಹನ್ನೆರಡಕ್ಕೆ ಬಾಗಿಲು ಹಾಕಿ ಇಳಿಹೊತ್ತಿಗೆ ತೆರೆಯುತ್ತಾರೆ. ಬೆಳಗಿನ ಸುತ್ತಿನಲ್ಲಿ ಇದನ್ನು ಮುಂದಿಡಬೇಕು ಎನ್ನುವುದು ಅದಕ್ಕೇ.

ಮತ್ತೆ ಮುಖ್ಯ ರಸ್ತೆಗೆ ಬಂದರೆ ಕಪಿತಾನ್ ಕೆಲಿಂಗ್ ಮಸೀದಿ. 1801ರಲ್ಲಿ ಇದನ್ನು ಕಟ್ಟಿಸಿದವರು ತಮಿಳು ಕರಾವಳಿಯಿಂದ ಬಂದ ಚೂಲಿಯಾ ಮುಸ್ಲಿಂ ವ್ಯಾಪಾರಿಗಳ ಮುಖಂಡ ಕಾದರ್ ಮೊಹಿದ್ದೀನ್. ಅನ್ಯಧರ್ಮೀಯರಿಗೂ ಪ್ರವೇಶವಿದೆ, ಆದರೆ ನಮಾಜಿನ ವೇಳೆ ಇಲ್ಲ. ಮಧ್ಯಾಹ್ನದ ನಮಾಜು ಅಲ್ಲಿನ ಗಡಿಯಾರದಲ್ಲಿ ಸುಮಾರು ಒಂದೂಕಾಲಿಗೆ. ಶುಕ್ರವಾರ ಅದಕ್ಕೂ ಮೊದಲೇ ಜನ ಸೇರುತ್ತಾರೆ, ಆ ದಿನ ಹತ್ತೂವರೆಯೊಳಗೆ ಮುಗಿಸಿ. ಮೈ ಮುಚ್ಚದ ಉಡುಪಾದರೆ ನಿಲುವಂಗಿ ಕೊಡುತ್ತಾರೆ.

ಬೆಳಗಿನ ಪೂರ್ತಿ ಒಂದು ಗಂಟೆ ಎತ್ತಿಡಬೇಕಾದ ಜಾಗ ಖೂ ಕೊಂಗ್ಸಿ. ಒಂದೇ ಮನೆತನದ ಹೆಸರಿನವರು ಕೂಡಿ ಕಟ್ಟಿಕೊಂಡ ಕುಲಸಂಘವೇ ಕೊಂಗ್ಸಿ. ದೇವರು, ಪಿತೃಪೂಜೆ, ಬಡ ಸಂಬಂಧಿಕರಿಗೆ ನೆರವು, ವ್ಯಾಜ್ಯ ತೀರ್ಮಾನ ಎಲ್ಲ ಅಲ್ಲೇ ನಡೆಯುತ್ತಿದ್ದವು. ಖೂಗಳು ಕಟ್ಟಿಸಿದ ಹಿಂದಿನ ಭವನ 1901ರಲ್ಲಿ ಬೆಂಕಿಗೆ ಆಹುತಿಯಾಯಿತು. ಚೀನಾ ಚಕ್ರವರ್ತಿಯ ಅರಮನೆಯನ್ನೇ ಮೀರಿಸಲು ಹೋದದ್ದಕ್ಕೆ ದೇವರು ಮುನಿದ ಎಂದು ಊರವರು ಹೇಳುತ್ತಾರೆ. ಗಾತ್ರ ಇಳಿಸಿ ಕಟ್ಟಿದ ಈಗಿನದು 1906ರಲ್ಲಿ ಮುಗಿಯಿತು. ಇಳಿಸಿದ್ದೇ ಹೀಗಿದ್ದರೆ! ಒಳಗಿನ ಚಿನ್ನದ ಲೇಪದ ಮರಗೆತ್ತನೆಗೆ ಮೊದಲು ಮಾಡಿನ ಏಣು ನೋಡಿ. ಅಲ್ಲಿನ ಡ್ರ್ಯಾಗನ್, ಹೂವು, ಹಕ್ಕಿ ಕೆತ್ತಿದ್ದಲ್ಲ. ಬಣ್ಣದ ಪಿಂಗಾಣಿ ಬಟ್ಟಲು ಒಡೆದು, ಚೂರುಗಳನ್ನು ಕತ್ತರಿಸಿ ಅಂಟಿಸಿದ್ದು. ಮುಖ್ಯ ಅಂಗಳಕ್ಕೆ ಬರುವ ದಾರಿ ಬೇಕೆಂದೇ ಕಿರಿದು: 1867ರ ಆಗಸ್ಟ್‌ನಲ್ಲಿ ಈ ಓಣಿಗಳಲ್ಲಿ ಹತ್ತು ದಿನ ಕಾದಾಟ ನಡೆದಿತ್ತು. ಅದು ಚೀನೀಯರಿಗೂ ಮುಸ್ಲಿಮರಿಗೂ ಆದ ಜಗಳವಲ್ಲ. ಎರಡು ಚೀನೀ ಗುಪ್ತ ಸಂಘಗಳ ಹಗೆಯಲ್ಲಿ ಬಿಳಿ ಬಾವುಟ, ಕೆಂಪು ಬಾವುಟ ಎಂಬ ಎರಡು ಮುಸ್ಲಿಂ ಗುಂಪುಗಳು ಒಂದೊಂದು ಕಡೆ ಸೇರಿಕೊಂಡಿದ್ದವು. "ಸೌಹಾರ್ದದ ಬೀದಿ" ಎಂಬ ಪ್ರವಾಸೋದ್ಯಮದ ಫಲಕ ನೋಡುವಾಗ ಇದೂ ತಿಳಿದಿರಲಿ.

ಪಕ್ಕದ ಅರ್ಮೇನಿಯನ್ ಸ್ಟ್ರೀಟ್‌ನಲ್ಲಿ ಲಿಥುವೇನಿಯಾದ ಕಲಾವಿದ ಅರ್ನೆಸ್ಟ್ ಜಕಾರೆವಿಚ್ 2012ರಲ್ಲಿ ಬರೆದ, ಸೈಕಲ್ ಮೇಲಿನ ಮಕ್ಕಳ ಗೋಡೆಚಿತ್ರವಿದೆ. ಫೋಟೊಗೆ ಸಾಲು ನಿಲ್ಲಬೇಕು, ಬಣ್ಣವೂ ಮಾಸಿದೆ. ಅದಕ್ಕಿಂತ ಗೋಡೆಗಳಿಗೆ ಹೊಡೆದಿರುವ ಕಬ್ಬಿಣದ ಸರಳಿನ ವ್ಯಂಗ್ಯಚಿತ್ರಗಳನ್ನು ಓದುತ್ತ ಹೋಗಿ. ಆ ಓಣಿಯಲ್ಲಿ ಹಿಂದೆ ಯಾರಿದ್ದರು, ಏನು ಕಸುಬು ಮಾಡುತ್ತಿದ್ದರು ಎಂದು ಅವು ಹೇಳುತ್ತವೆ. ನಡೆಯುವಾಗ ಅಂಗಡಿಗಳ ಮುಂದಿನ ಮಾಡು ಹೊದಿಸಿದ ಹಾದಿ, ಕಾಕಿ ಲಿಮಾ, ನೆರಳು ಕೊಡುತ್ತದೆ. ನೆಲ ಮಾತ್ರ ಅಂಗಡಿಯಿಂದ ಅಂಗಡಿಗೆ ಮೆಟ್ಟಿಲಷ್ಟು ಏರಿಳಿಯುತ್ತದೆ, ನಡುವೆ ಬೈಕು ನಿಲ್ಲಿಸಿರುತ್ತಾರೆ. ಮೊಬೈಲ್ ನೋಡುತ್ತ ನಡೆದರೆ ಮುಗ್ಗರಿಸುವುದು ಖಂಡಿತ.

ಹನ್ನೆರಡರಿಂದ ಮೂರೂವರೆ ಮನೆಯೊಳಗಿರುವ ಹೊತ್ತು. ಲೀತ್ ಸ್ಟ್ರೀಟ್‌ನ ಚಿಯೋಂಗ್ ಫಾಟ್ ಟ್ಸೆ ಮಹಲು (ಗೋಡೆಯ ಸುಣ್ಣಕ್ಕೆ ನೀಲಿ ಗಿಡದ ಬಣ್ಣ ಬೆರೆಸಿ ಬಳಿದದ್ದರಿಂದ ಎಲ್ಲರೂ ಬ್ಲೂ ಮ್ಯಾನ್ಶನ್ ಎನ್ನುತ್ತಾರೆ) ಅಥವಾ ಚರ್ಚ್ ಸ್ಟ್ರೀಟ್‌ನ ಪೆರಾನಕನ್ ಮ್ಯಾನ್ಶನ್ (ಇಲ್ಲಿನ ರೀತಿನೀತಿ ಬೆರೆಸಿಕೊಂಡ ಹಳೆಯ ಚೀನೀ ವಲಸಿಗರ ಸಂತತಿಯೇ ಪೆರಾನಕನ್), ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಮೊದಲನೆಯದು ಈಗ ಹೋಟೆಲ್, ಆದ್ದರಿಂದ ಒಂದು ಭಾಗ ಮಾತ್ರ ತೋರಿಸುತ್ತಾರೆ. ಅಡುಗೆಮನೆ, ಒಡವೆ, ಮಣಿಕಸೂತಿಯ ಚಪ್ಪಲಿವರೆಗೆ ಸಂಸಾರದ ವಸ್ತುಗಳನ್ನು ನೋಡುವ ಇಷ್ಟವಿದ್ದರೆ ಎರಡನೆಯದೇ ಮೇಲು.

ಬಿಸಿಲು ಇಳಿದ ಮೇಲೆ ವೆಲ್ಡ್ ಕೀಯ ಕುಲಕಟ್ಟೆಗಳಿಗೆ ಹೋಗಿ. ಕಡಲಲ್ಲಿ ಕಂಬ ನೆಟ್ಟು ಹಲಗೆ ಹಾಸಿದ ಈ ಕೇರಿಗಳಲ್ಲಿ ಲಿಮ್, ತಾನ್, ಲೀ ಹೀಗೆ ಕುಲಕ್ಕೊಂದು ಕಟ್ಟೆ. ಎಲ್ಲರೂ ನುಗ್ಗುವುದು ದೊಡ್ಡದಾದ ಚ್ಯೂ ಕಟ್ಟೆಗೆ. ಪಕ್ಕದ ತಾನ್ ಕಟ್ಟೆಗೆ ಹೋದರೆ ಅಂಗಡಿಗಳ ಗದ್ದಲ ಕಡಿಮೆ. ಇವು ಜನ ವಾಸವಿರುವ ಮನೆಗಳು, ಬಾಗಿಲೊಳಗೆ ಕ್ಯಾಮೆರಾ ತೂರಿಸಬೇಡಿ.

ಊಟ, ಅದರಲ್ಲೂ ಸಸ್ಯಾಹಾರ

ಪೆನಾಂಗ್ ಬೀದಿ ತಿನಿಸಿಗೆ ಹೆಸರಾದ ಊರು, ಸಸ್ಯಾಹಾರಿಗೆ ಮಾತ್ರ ಎಚ್ಚರ ಬೇಕು. ಬರೀ ಸೊಪ್ಪಿನ ಪಲ್ಯಕ್ಕೂ ಬೆಲಾಚಾನ್, ಅಂದರೆ ಹುದುಗಿಸಿದ ಸೀಗಡಿಯ ಮುದ್ದೆ, ಬೀಳುತ್ತದೆ. ಆಸಮ್ ಲಕ್ಸಾ ಎಂಬ ಹುಳಿ ಶಾವಿಗೆಯ ಸಾರು ಮೀನಿನದು. ಚಾರ್ ಕ್ವೇ ಟಿಯಾವ್ ಎಂಬ ಅಗಲ ಅಕ್ಕಿಶಾವಿಗೆಯನ್ನು ಹಲವೆಡೆ ಹಂದಿಯ ಕೊಬ್ಬಿನಲ್ಲಿ ಹುರಿಯುತ್ತಾರೆ. "ಮಾಂಸ ಬೇಡ" ಎಂದರೆ ಮೀನು, ಸೀಗಡಿ ಬೇಡ ಎಂದು ಅವರು ತಿಳಿಯುವುದಿಲ್ಲ. "ಸಾಯಾ ತಿದಾ ಮಾಕನ್ ದಾಗಿಂಗ್, ಇಕಾನ್, ಉದಾಂಗ್, ತೆಲೂರ್" ಎನ್ನಿ: ಮಾಂಸ, ಮೀನು, ಸೀಗಡಿ, ಮೊಟ್ಟೆ ತಿನ್ನುವುದಿಲ್ಲ ಎಂದಂತೆ.

ಸುಲಭದ ದಾರಿ ಲಿಟಲ್ ಇಂಡಿಯಾದ ತಮಿಳರ ಹೋಟೆಲುಗಳು, ಇಡ್ಲಿ ದೋಸೆ ಬಾಳೆಲೆ ಊಟ ಸಿಗುತ್ತದೆ. ಆದರೆ ಮೂರು ದಿನವೂ ಅದನ್ನೇ ತಿಂದರೆ ಪೆನಾಂಗ್‌ಗೆ ಬಂದದ್ದೇಕೆ? "ಸಾಯುರ್-ಸಾಯುರಾನ್" ಎಂದು ಫಲಕವಿರುವ ಚೀನೀ ಬೌದ್ಧರ ಹೋಟೆಲುಗಳನ್ನು ಹುಡುಕಿ. ಬಹಳಷ್ಟು ಕಡೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ತಟ್ಟೆಯಲ್ಲಿ ಕೋಳಿಯಂತೆಯೇ ಕಾಣುವುದು ಸೋಯಾ ಅಥವಾ ಗೋಧಿಯ ಅಂಟಿನಿಂದ ಮಾಡಿದ್ದು, ಗಾಬರಿ ಬೇಡ. ಚೆಂಡೋಲ್ ಅನ್ನು ನಿಶ್ಚಿಂತೆಯಿಂದ ತಿನ್ನಿ: ಪುಡಿ ಐಸು, ತೆಂಗಿನಹಾಲು, ತಾಳೆಬೆಲ್ಲ, ಅಲಸಂದೆಯಂಥ ಕೆಂಪು ಕಾಳು, ಹಸಿರು ಶಾವಿಗೆ.

ಎರಡನೇ ದಿನ: ಮೊದಲು ಬೆಟ್ಟ, ಆಮೇಲೆ ಕೆಕ್ ಲೊಕ್ ಸಿ

ವೆಲ್ಡ್ ಕೀ ಅಥವಾ ಕೊಮ್‌ತಾರ್ ಬಸ್ ನಿಲ್ದಾಣದಿಂದ 204 ನಂಬರಿನ ಬಸ್ಸು ಪೆನಾಂಗ್ ಹಿಲ್‌ನ ಬುಡದ ನಿಲ್ದಾಣಕ್ಕೇ ಹೋಗುತ್ತದೆ. ಎಂಟರೊಳಗೆ ಅಲ್ಲಿರಿ. ಹತ್ತರ ಮೇಲೆ ಸಾಲು ಬೆಳೆಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೇಲೆ ಮೋಡ ಕೂರುತ್ತದೆ, ಕೆಳಗಿನ ಊರು ಕಾಣುವುದಿಲ್ಲ. ಸಂಜೆಯ ದೀಪ ನೋಡಲು ಹತ್ತಿದವರು ಇಳಿಯುವ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಶನಿವಾರ, ಭಾನುವಾರ ಮತ್ತು ಮಲೇಷ್ಯಾದ ಶಾಲಾ ರಜೆಗಳಲ್ಲಿ ಹೋಗದಿರುವುದೇ ಕ್ಷೇಮ.

ಹಗ್ಗ ಎಳೆಯುವ ಈ ರೈಲು 1923ರಿಂದ ಓಡುತ್ತಿದೆ. ಹಿಂದೆ ಅರ್ಧದಲ್ಲಿ ಇಳಿದು ಬಂಡಿ ಬದಲಿಸಬೇಕಿತ್ತು. 2011ರ ಹೊಸ ಬಂಡಿಗಳು ಎರಡು ಕಿಲೋಮೀಟರ್ ದಾರಿಯನ್ನು ಹತ್ತು ನಿಮಿಷದೊಳಗೆ ಏರುತ್ತವೆ. ಹತ್ತುವಾಗ ಕೆಳತುದಿಯ ಕಿಟಕಿಯ ಹತ್ತಿರ ನಿಲ್ಲಿ, ನೋಟ ಅಲ್ಲಿಂದ. ಮೇಲೆ ಕೆಳಗಿಗಿಂತ ಐದಾರು ಡಿಗ್ರಿ ತಂಪು. ಮುರುಗನ್ ಗುಡಿಯೂ ಮಸೀದಿಯೂ ಅಕ್ಕಪಕ್ಕ ಇವೆ. ಸೆಲ್ಫಿ ಕಟ್ಟೆಗಳನ್ನು ಬೇಗ ದಾಟಿ ದಿ ಹ್ಯಾಬಿಟಾಟ್ ಎಂಬ ಕಾಡುಹಾದಿಯ ಉದ್ಯಾನಕ್ಕೆ ಹೋಗಿ. ಟಿಕೆಟ್ ಬೇರೆಯೇ, ದುಬಾರಿಯೂ ಹೌದು. ಆದರೆ 1.6 ಕಿಲೋಮೀಟರ್ ಹಾದಿಯಲ್ಲಿ ಕಣ್ಣಿಗೆ ಬಿಳಿ ಉಂಗುರವಿರುವ ಕಪ್ಪು ಲಂಗೂರ್, ಕರಿ ದೈತ್ಯ ಅಳಿಲು ಕಾಣುವ ಅವಕಾಶ ಬೆಳಗಿನಲ್ಲೇ ಹೆಚ್ಚು. ಪೆನಾಂಗ್ ಹಿಲ್ 2021ರಿಂದ ಯುನೆಸ್ಕೋ ಜೀವಗೋಳ ಮೀಸಲು ಪ್ರದೇಶ.

ಗಟ್ಟಿ ಕಾಲಿನವರು ರೈಲು ಬಿಟ್ಟು ಬೊಟಾನಿಕಲ್ ಗಾರ್ಡನ್ ಪಕ್ಕದಿಂದ ಜೀಪ್ ದಾರಿ ಹಿಡಿಯಬಹುದು. ಐದು ಕಿಲೋಮೀಟರ್ ಡಾಂಬರು, ಆದರೆ ಕಡಿದಾದ ಏರು. ಎರಡರಿಂದ ಮೂರು ಗಂಟೆ ಬೇಕು. 1884ರ ಆ ತೋಟದಲ್ಲಿ ನಾಗಲಿಂಗ ಪುಷ್ಪದ ಮರವೂ ಇದೆ, ಕೈಯ ಚೀಲ ಕಿತ್ತುಕೊಳ್ಳುವ ಕೋತಿಗಳೂ ಇವೆ. ಹತ್ತಿರದ ಬಾಲದಂಡಾಯುಧಪಾಣಿ ಗುಡಿಗೆ 513 ಮೆಟ್ಟಿಲು. ಮುರುಗನ್ ಹಬ್ಬವಾದ ತೈಪೂಸಂ ದಿನ ಇತ್ತ ರಸ್ತೆಗಳೆಲ್ಲ ಕಾವಡಿ ಹೊತ್ತವರದು, ಹರಕೆಗೆ ಒಡೆದ ತೆಂಗಿನಕಾಯಿ ರಾಶಿ ಬಿದ್ದಿರುತ್ತದೆ.

ಬೆಟ್ಟ ಇಳಿದು ಅದೇ 204ರಲ್ಲಿ ಆಯರ್ ಇತಾಮ್‌ಗೆ ಬಂದರೆ ಕೆಕ್ ಲೊಕ್ ಸಿ ಎಂಬ ಬೌದ್ಧ ದೇಗುಲ. ಅಂಗಡಿ ಸಾಲಿನ ಇಕ್ಕಟ್ಟು ಮೆಟ್ಟಿಲು ಹತ್ತಿ, ಆಮೆಕೊಳ ದಾಟಿ ಪಗೋಡಕ್ಕೆ ಬನ್ನಿ. 1930ರಲ್ಲಿ ಮುಗಿದ ಇದರ ಬುಡ ಚೀನೀ, ನಡು ಥಾಯ್, ಮುಡಿ ಬರ್ಮಾ ಶೈಲಿ. ಇನ್ನೂ ಮೇಲಿನ 30.2 ಮೀಟರ್ ಎತ್ತರದ ಕ್ವಾನ್ ಯಿನ್ ಕಂಚಿನ ಪ್ರತಿಮೆಗೆ ಇಳಿಜಾರು ಲಿಫ್ಟ್ ಇದೆ. ಸಂಜೆ ಐದೂವರೆಗೆಲ್ಲ ಮುಚ್ಚತೊಡಗುತ್ತಾರೆ, ಮೂರರೊಳಗೆ ತಲುಪಿ. ಚೀನೀ ಹೊಸ ವರ್ಷದ ವಾರಗಳು ಮಾತ್ರ ಬೇರೆ: ಆಗ ರಾತ್ರಿಯೂ ತೆರೆದು ಇಡೀ ಗುಡ್ಡಕ್ಕೆ ದೀಪ ಹಚ್ಚುತ್ತಾರೆ.

ಮೂರನೇ ದಿನ: ತೆಲುಕ್ ಬಹಾಂಗ್

101 ನಂಬರಿನ ಬಸ್ಸಿನ ಕೊನೆಯ ನಿಲ್ದಾಣವಾದ ತೆಲುಕ್ ಬಹಾಂಗ್ ಬಳಿ ಪೆನಾಂಗ್ ರಾಷ್ಟ್ರೀಯ ಉದ್ಯಾನ. 2003ರಲ್ಲಿ ಘೋಷಿತವಾದ, ಸುಮಾರು 2,500 ಹೆಕ್ಟೇರಿನ ಈ ಪುಟ್ಟ ಉದ್ಯಾನದ ಅರ್ಧಕ್ಕೂ ಹೆಚ್ಚು ಭಾಗ ಕಡಲು. ಏಳಕ್ಕೆ ಬಸ್ಸು ಹತ್ತಿದರೆ ಎಂಟೂವರೆಯೊಳಗೆ ಗೇಟಿನ ಕಚೇರಿಯಲ್ಲಿ ಹೆಸರು ಬರೆಸಿ ಒಳಹೋಗಬಹುದು. ತಲೆಗೆ ಎರಡು ಲೀಟರ್ ನೀರು ಒಯ್ಯಿರಿ, ಒಳಗೆ ಅಂಗಡಿಯಿಲ್ಲ. ಮಳೆ ಬಂದ ಮೇಲೆ ಬೇರುಗಳು ಜಾರುತ್ತವೆ, ಹವಾಯಿ ಚಪ್ಪಲಿ ಬೇಡ.

ಸ್ವಲ್ಪ ಒಳಗೆ ದಾರಿ ಕವಲಾಗುತ್ತದೆ. ಬಲಕ್ಕೆ ದಂಡೆಯುದ್ದಕ್ಕೂ ಹೋದರೆ ಮಂಕಿ ಬೀಚ್, ಅದರಾಚೆ ಮುಕಾ ಹೆಡ್ ದೀಪಸ್ತಂಭ. ಎಡಕ್ಕೆ ಗುಡ್ಡ ಹತ್ತಿಳಿದರೆ ಪಂತೈ ಕೆರಾಚುಟ್ ಎಂಬ ಕಡಲತೀರ, ಸುಮಾರು ಮೂರೂವರೆ ಕಿಲೋಮೀಟರ್, ಒಂದೂವರೆ ಗಂಟೆ. ಎಡಕ್ಕೇ ಹೋಗಿ. ಅಲ್ಲಿ ಸಿಹಿನೀರು ಮೇಲೆ, ಉಪ್ಪುನೀರು ಕೆಳಗೆ ಬೆರೆಯದೆ ನಿಲ್ಲುವ ಕೆರೆಯಿದೆ. ಒಣ ತಿಂಗಳಲ್ಲಿ ಹೋದರೆ ಬರೀ ಕೆಸರು ಕಂಡು ಬೇಸರವಾದೀತು, ಮಳೆಗಾಲದಲ್ಲಿ ತುಂಬುತ್ತದೆ. ಪಕ್ಕದ ದಂಡೆಯಲ್ಲಿ ಕಡಲಾಮೆ ಸಂರಕ್ಷಣಾ ಕೇಂದ್ರವಿದೆ. ಹಸಿರು ಆಮೆಗಳು ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಏಪ್ರಿಲ್‌ನಿಂದ ಆಗಸ್ಟ್. ನೀರು ಎಷ್ಟೇ ತಿಳಿಯಾಗಿ ಕಂಡರೂ ಈಜಬೇಡಿ, ಸೆಳೆತವೂ ಇದೆ, ಚುಚ್ಚುವ ಜೆಲ್ಲಿ ಮೀನೂ ಇದೆ.

ಮರಳಲು ದೋಣಿ ಸಿಗುತ್ತದೆ. ಬಾಡಿಗೆ ತಲೆಗಲ್ಲ, ದೋಣಿಗೆ. ಇನ್ನಿಬ್ಬರನ್ನು ಜೊತೆ ಮಾಡಿಕೊಂಡರೆ ಅಗ್ಗ. ಹೊರಡುವ ಮುಂಚೆ ಗೇಟಿನ ಬಳಿಯೇ ದರ ಮತ್ತು ಹೊತ್ತು ಮಾತಾಡಿ. ಅಲೆ ಎದ್ದರೆ ದೋಣಿ ಬರುವುದಿಲ್ಲ, ಆಗ ಬಂದ ಗುಡ್ಡವನ್ನೇ ಮತ್ತೆ ಹತ್ತಬೇಕು. ಅದಕ್ಕಾಗಿ ಅರ್ಧ ಲೀಟರ್ ನೀರು ಕಡೆಯವರೆಗೂ ಉಳಿಸಿಕೊಳ್ಳಿ.

ಎರಡು ಗಂಟೆಯೊಳಗೆ ಹೊರಬಂದರೆ ದಾರಿಯಲ್ಲಿ ಟ್ರಾಪಿಕಲ್ ಸ್ಪೈಸ್ ಗಾರ್ಡನ್ ನೋಡಬಹುದು. ಜಾಯಿಕಾಯಿ, ಲವಂಗ ಬೆಳೆಸಿ ನೋಡಿದವರಿಗೆ ಇದರಲ್ಲಿ ಹೊಸತು ಕಡಿಮೆ. ಅಂಥವರು ಬಸ್ಸು ಬಿಡದೆ ಪುಲಾವ್ ಟಿಕುಸ್ ಬಡಾವಣೆಯವರೆಗೆ ಬನ್ನಿ. ಅಲ್ಲಿ ಒಂದೇ ಓಣಿಯ ಎದುರುಬದುರು 1803ರ ಬರ್ಮೀ ವಿಹಾರ ಮತ್ತು 33 ಮೀಟರ್ ಉದ್ದದ ಮಲಗಿದ ಬುದ್ಧನಿರುವ ಥಾಯ್ ವಿಹಾರ ಇವೆ. ಎರಡಕ್ಕೂ ಸೇರಿ ಮುಕ್ಕಾಲು ಗಂಟೆ ಸಾಕು. ಇವೂ ಸಂಜೆಗೆ ಮುಚ್ಚುತ್ತವೆ, ನಾಲ್ಕೂವರೆ ದಾಟಿದ್ದರೆ ಇಳಿಯದೆ ಮುಂದೆ ಹೋಗಿಬಿಡಿ.